ಅಪ್ಪ ಗಾರೆ ಮೇಸ್ತ್ರಿ, ಮಗಳು ಆರ್ಕಿಟೆಕ್ಟ್ ಆಗಬಹುದೇ?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಅಪ್ಪ ಗಾರೆ ಮೇಸ್ತ್ರಿ. ನನಗೆ ಚಿತ್ರ ಬರೆಯೋದು ತುಂಬ ಇಷ್ಟ, ಗಣಿತ ಅಂದರೆ ಭಯ. ಆರ್ಕಿಟೆಕ್ಟ್ ಆಗಬೇಕು ಅಂದರೆ ಈಗಿನಿಂದಲೇ ಏನು ತಯಾರಿ ಮಾಡಬೇಕು? ‘ಸಿವಿಲ್ ಇಂಜಿನಿಯರಿಂಗ್ ಮಾಡಿದರೂ ಅದೇ ತಾನೆ’ ಅಂತ ಮನೆಯಲ್ಲಿ ಕೇಳುತ್ತಾರೆ. ಕೋಚಿಂಗ್, ಕಂಪ್ಯೂಟರ್ ಇಲ್ಲದೆ ಆಗುತ್ತದಾ?
– ಓದುಗಿ, ಆಸ್ಪರಿ

ಉತ್ತರ: ತಂಗೀ, ಅವಸರದ ಮಾತು ಮೊದಲು. ಹತ್ತನೇ ತರಗತಿ ಮುಗಿದ ಮೇಲೆ ಇಂಟರ್‌ನಲ್ಲಿ ಎಂಪಿಸಿ ತಗೋ. ಬೈಪಿಸಿ, ಸಿಇಸಿ ಕಡೆ ಹೋದೆಯೋ, ಈ ದಾರಿ ಅಲ್ಲಿಗೇ ಮುಚ್ಚಿತು. ಐದು ವರ್ಷದ ಬಿ.ಆರ್ಕ್ ಸೇರಲು ಹನ್ನೆರಡನೇ ತರಗತಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಡ್ಡಾಯ. ಚಿತ್ರದ ಕೈ ಚೆನ್ನಾಗಿರುವ ಮಕ್ಕಳು ಗಣಿತಕ್ಕೆ ಹೆದರಿ ಬೇರೆ ವಿಷಯ ತಗೊಂಡು, ಎರಡು ವರ್ಷ ಕಳೆದ ಮೇಲೆ ‘ಈಗೇನು ಮಾಡೋದು ಸಾರ್’ ಅಂತ ಬಂದಾಗ ಹೇಳಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಪಾಲಿಸೆಟ್ ಬರೆದು ಪಾಲಿಟೆಕ್ನಿಕ್ ಸೇರುವ ಇನ್ನೊಂದು ದಾರಿ ಇದೆ. ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಮಾಡಿದವರೂ ಬಿ.ಆರ್ಕ್‌ಗೆ ಅರ್ಹರು. ಆದರೆ ಇಂಜಿನಿಯರಿಂಗ್‌ನಲ್ಲಿ ಇದ್ದ ಹಾಗೆ ನೇರ ಎರಡನೇ ವರ್ಷಕ್ಕೆ ಇಲ್ಲಿ ಸೇರಿಸಿಕೊಳ್ಳುವುದಿಲ್ಲ. ಮೂರರ ಮೇಲೆ ಐದು, ಒಟ್ಟು ಎಂಟು ವರ್ಷ. ಮನೆಯ ಪರಿಸ್ಥಿತಿಯಿಂದ ನಡುವೆ ಒಂದು ಕೆಲಸ ಹಿಡಿಯಲೇಬೇಕು ಎನ್ನುವವರಿಗೆ ಅದು ಒಳ್ಳೆಯ ದಾರಿ, ಉಳಿದವರಿಗೆ ಇಂಟರೇ ಸರಿ.

ಇನ್ನು ಗಣಿತದ ಭಯ. ಒಂದು ಭಾನುವಾರ ಅಪ್ಪ ಯಾವುದಾದರೂ ಮನೆಗೆ ಪಾಯ ಗುರುತು ಹಾಕುವಾಗ ಜೊತೆಗೆ ಹೋಗು. ಗೂಟ ಹೊಡೆದು ದಾರ ಎಳೆದು, ಒಂದು ದಾರದ ಮೇಲೆ ಮೂರು ಅಡಿಗೆ, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವ ತನಕ ದಾರವನ್ನು ಆಚೆ ಈಚೆ ಸರಿಸುತ್ತಾರೆ. ಐದು ಬಂತು ಅಂದರೆ ಮೂಲೆ ಮಟ್ಟವಾಯಿತು. ನಿನ್ನ ಪಠ್ಯಪುಸ್ತಕದ ಪೈಥಾಗೊರಸ್ ಪ್ರಮೇಯ ಇದೇ. ಅಪ್ಪನಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ, ಕೆಲಸ ಗೊತ್ತು.

ಮೆಟ್ಟಿಲಿನ ಲೆಕ್ಕವನ್ನೂ ಕೇಳು. ನೆಲದಿಂದ ಮಾಳಿಗೆಗೆ ಹತ್ತು ಅಡಿ, ಅಂದರೆ 120 ಇಂಚು. ಕಾಲು ನೋಯದೆ ಹತ್ತಬೇಕಾದರೆ ಒಂದು ಮೆಟ್ಟಿಲು ಏಳು ಇಂಚಿನ ಆಸುಪಾಸು ಎತ್ತರ ಇರಬೇಕು. ಹದಿನೇಳು ಮೆಟ್ಟಿಲು ಹಿಡಿದರೆ ಸರಿಹೋಗುತ್ತದೆ. ಕಾಲಿಡುವ ಅಗಲ ಹತ್ತು ಇಂಚು ಅಂದರೆ ಹದಿನಾರು ತುಳಿಗಳಿಗೆ 160 ಇಂಚು, ಹದಿಮೂರು ಅಡಿ ನಾಲ್ಕು ಇಂಚು ಉದ್ದದ ಜಾಗ ಬೇಕು. (ಹದಿನೇಳನೆಯದು ಮಾಳಿಗೆಯೇ ಆದ್ದರಿಂದ ಅದಕ್ಕೆ ಜಾಗ ಎಣಿಸಬೇಕಿಲ್ಲ, ಮೊದಲ ವರ್ಷದ ವಿದ್ಯಾರ್ಥಿಗಳು ತಪ್ಪದೆ ಎಡವುವುದು ಇಲ್ಲೇ.) ಮನೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಮೆಟ್ಟಿಲನ್ನು ಮಡಚಬೇಕು, ಮಡಚಿದರೆ ಕೆಳಗಿನ ಕೋಣೆಯ ಆಕಾರ ಬದಲಾಗುತ್ತದೆ. ಈ ಕಸುಬಿನಲ್ಲಿ ದಿನನಿತ್ಯ ಬೇಕಾಗುವ ಗಣಿತ ಈ ಬಗೆಯದು. ಕ್ಯಾಲ್ಕುಲಸ್ ಎಂಟ್ರೆನ್ಸ್‌ಗೆ ಬೇಕು, ಓದಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅದು ಬಾರದಿದ್ದರೆ ಆರ್ಕಿಟೆಕ್ಟ್ ಆಗಲಾರೆ ಅಂತ ಈಗಲೇ ಕೈಚೆಲ್ಲಿ ಕೂರಬೇಡ.

ಮನೆಯವರ ಪ್ರಶ್ನೆಗೆ ಬರೋಣ. ಸಿವಿಲ್ ಇಂಜಿನಿಯರ್ ಛಾವಣಿ ಬೀಳದ ಹಾಗೆ ಎಷ್ಟು ಕಬ್ಬಿಣ, ಯಾವ ಅಳತೆಯ ತೊಲೆ ಬೇಕು ಅಂತ ಲೆಕ್ಕ ಹಾಕುತ್ತಾನೆ. ಆರ್ಕಿಟೆಕ್ಟ್ ಅದಕ್ಕೂ ಮೊದಲಿನ ಪ್ರಶ್ನೆಗಳನ್ನು ಕೇಳುತ್ತಾಳೆ: ಛಾವಣಿ ಎಷ್ಟು ಎತ್ತರ ಇರಬೇಕು, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಒಲೆಯ ಹೊಗೆ ಎಲ್ಲಿಂದ ಹೋಗಬೇಕು, ಅಜ್ಜಿ ರಾತ್ರಿ ಎದ್ದರೆ ಬಚ್ಚಲಿಗೆ ಎಷ್ಟು ಹೊಸ್ತಿಲು ದಾಟಬೇಕು, ಮುಂದೆ ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಎಲ್ಲಿ ಏಳುತ್ತದೆ. ಎರಡೂ ಬೇಕಾದ ಕೆಲಸ. ಕಾನೂನಿನಲ್ಲೂ ವ್ಯತ್ಯಾಸ ಇದೆ. 1972ರ ಆರ್ಕಿಟೆಕ್ಟ್ಸ್ ಆ್ಯಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಪ್ಲಾನ್ ಬರೆಯುವ ಕೆಲಸವನ್ನೇ ಬೇರೆಯವರು ಮಾಡಬಾರದು ಎಂದು ಕಾಯ್ದೆ ಹೇಳುವುದಿಲ್ಲ, ಕಾಪಾಡಿರುವುದು ಆ ಪದವಿಯ ಹೆಸರನ್ನು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ಕೊಟ್ಟಿತು. ಆದೋನಿಯಲ್ಲಿ ಇಂಜಿನಿಯರುಗಳೇ ಮನೆ ಪ್ಲಾನ್ ಬರೆದುಕೊಡುವುದು ಇದಕ್ಕೇ. ನಮ್ಮ ಸಣ್ಣ ಊರುಗಳಲ್ಲಿ ಆರ್ಕಿಟೆಕ್ಟ್ ಅಂದರೆ ದುಡ್ಡಿದ್ದವರು ಮನೆ ಮುಂಭಾಗಕ್ಕೆ ‘ಎಲಿವೇಶನ್’ ಬರೆಸುವವರು ಎಂಬ ಭಾವನೆ ಉಳಿದಿರುವುದಕ್ಕೂ ಇದೇ ಕಾರಣ ಎಂದು ನನ್ನ ಅನಿಸಿಕೆ.

ಮೇಸ್ತ್ರಿಯ ಮಗಳಿಗೆ ಇದೆಲ್ಲ ದೂರದ ಮಾತು ಅಂತ ಯಾರಾದರೂ ಅಂದರೆ ಪಟ್ಟದಕಲ್ಲಿನ ಕಡೆ ಕೈ ತೋರಿಸು. ಚಾಲುಕ್ಯ ರಾಣಿ ಲೋಕಮಹಾದೇವಿ ಕ್ರಿ.ಶ. 740ರ ಸುಮಾರಿಗೆ ಕಟ್ಟಿಸಿದ, ಈಗ ವಿರೂಪಾಕ್ಷ ಎನ್ನುವ ಗುಡಿಯ ಬಾಗಿಲಲ್ಲಿ ಅದನ್ನು ಕಟ್ಟಿದವನ ಹೆಸರು ಕನ್ನಡದಲ್ಲೇ ಇದೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನೂ ಕಲ್ಲಿನಲ್ಲಿ ಕೊರೆದಿದ್ದಾರೆ. ನಕ್ಷೆ ಬರೆದವನು ಬೇರೆ, ಕಲ್ಲು ಏರಿಸಿದವನು ಬೇರೆ ಎಂಬ ವಿಂಗಡಣೆ ಆಗ ಈಗಿನಷ್ಟು ಗಟ್ಟಿಯಾಗಿ ಇರಲಿಲ್ಲ.

ಈಗ ನಿಜವಾದ ತಯಾರಿ. ಅದಕ್ಕೆ ನಿನಗೆ ಬೇಕಾದ್ದೆಲ್ಲ ಮನೆಯಲ್ಲೇ ಇದೆ: ಅಪ್ಪನ ಟೇಪು, ಒಂದು ಎಚ್‌ಬಿ ಮತ್ತು ಒಂದು 2ಬಿ ಪೆನ್ಸಿಲ್, ಗೀಟಿಲ್ಲದ ದೊಡ್ಡ ಪುಸ್ತಕ, ಗ್ರಾಫ್ ಹಾಳೆ. ನಿಮ್ಮ ಓಣಿಯಲ್ಲಿ ಹಳೆಯ ಮಾಳಿಗೆ ಮನೆ ಇದ್ದರೆ (ಆ ಕಡೆ ಇನ್ನೂ ಉಳಿದಿವೆ) ಅದನ್ನು ಅಳೆದು ಬರೆ. ಚಿತ್ರ ಬರೆಯುವುದಲ್ಲ, ಅಳೆದು ಬರೆಯುವುದು. ಮೊದಲು ಕೈಯಲ್ಲೇ ಒರಟಾಗಿ ಕೋಣೆಗಳ ನಕ್ಷೆ ಗೀಚಿಕೋ. ಆಮೇಲೆ ಟೇಪನ್ನು ಒಂದು ಮೂಲೆಯಲ್ಲಿ ಹಿಡಿದು, ಅಲ್ಲಿಂದ ಎತ್ತದೆ ಬಾಗಿಲ ಚೌಕಟ್ಟು ಎಲ್ಲಿ ಶುರು, ಎಲ್ಲಿ ಮುಗಿಯಿತು, ಕಿಟಕಿ ಎಲ್ಲಿ, ಗೂಡು ಎಲ್ಲಿ ಅಂತ ಒಂದೇ ಸಾಲಿನಲ್ಲಿ ಓದುತ್ತಾ ಹೋಗು. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಅರ್ಧ ಇಂಚು ತಪ್ಪು ಸೇರಿ ಕೊನೆಗೆ ಗೋಡೆಯೇ ಅರ್ಧ ಅಡಿ ಜರುಗುತ್ತದೆ. ಪ್ರತಿ ಕೋಣೆಗೂ ಕರ್ಣ ಎರಡನ್ನೂ ಅಳೆ. ಹಳೆಯ ಮನೆಯ ಕೋಣೆ ಚೌಕ ಇರುವುದೇ ಅಪರೂಪ. ಎರಡು ಕರ್ಣಗಳ ವ್ಯತ್ಯಾಸವೇ ಯಾವ ಮೂಲೆ ಎಷ್ಟು ಸೊಟ್ಟ ಅಂತ ಹೇಳಿಬಿಡುತ್ತದೆ. ಗೋಡೆಯ ದಪ್ಪವನ್ನು ಬಾಗಿಲ ಸಂದಿನಲ್ಲಿ ಅಳೆ. ಮನೆಗೆ ಬಂದು 1:50ಕ್ಕೆ ಇಳಿಸು, ಅಂದರೆ ನೆಲದ ಮೇಲಿನ ಒಂದು ಮೀಟರಿಗೆ ಹಾಳೆಯಲ್ಲಿ ಎರಡು ಸೆಂಟಿಮೀಟರ್. ಎರಡಡಿ ದಪ್ಪದ ಗೋಡೆ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಅಗಲವಾಗಿ ನಿಂತಾಗ, ಆ ಮನೆಯಲ್ಲಿ ಎಷ್ಟು ಜಾಗವನ್ನು ಗೋಡೆಯೇ ನುಂಗಿದೆ ಅಂತ ಗೊತ್ತಾಗುತ್ತದೆ.

ಪ್ಲಾನ್ ಬರೆದ ಮೇಲೆ ಸೆಕ್ಷನ್. ಮನೆಯನ್ನು ನೆತ್ತಿಯಿಂದ ಪಾಯದವರೆಗೆ ಒಂದೇ ಏಟಿಗೆ ಕೊಯ್ದರೆ ಒಳಗೆ ಏನು ಕಾಣುತ್ತದೆ? ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಡ್ಡಿ, ಅದರ ಮೇಲೆ ಒಂದು ಗೇಣಿಗೂ ಮಿಕ್ಕ ಮಣ್ಣು, ಎಲ್ಲದರ ಮೇಲೆ ಚೌಳು ಮಣ್ಣು. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಚೌಳು ಮಣ್ಣು ಹೊರುವುದನ್ನು ನಿಮ್ಮ ಅಜ್ಜಿ ಕಂಡಿರುತ್ತಾರೆ, ಕೇಳು. ಉಪ್ಪಿನಂಶದ ಆ ಮಣ್ಣು ನೀರು ತಾಗಿದೊಡನೆ ಉಬ್ಬಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಹುಲ್ಲೂ ಬೇರೂ ಅದರಲ್ಲಿ ಸುಲಭಕ್ಕೆ ಹಿಡಿಯುವುದಿಲ್ಲ. ದಪ್ಪ ಗೋಡೆಯೂ ದಪ್ಪ ಮಾಳಿಗೆಯೂ ಹಗಲಿನ ಬಿಸಿಯನ್ನು ಕುಡಿದು ಗಂಟೆಗಟ್ಟಲೆ ತಡಮಾಡಿ ಒಳಗೆ ಬಿಡುತ್ತವೆ. ಅಷ್ಟೊತ್ತಿಗೆ ಹೊರಗೆ ತಂಪಾಗಿರುತ್ತದೆ, ಜನ ಹೊರಗೆ ಕಟ್ಟೆಯ ಮೇಲೋ ಮಾಳಿಗೆಯ ಮೇಲೋ ಮಲಗಿರುತ್ತಾರೆ. ಬೆಳಕಿಂಡಿ ಬೆಳಕು ತಂದು ಬಿಸಿ ಗಾಳಿಯನ್ನು ಮೇಲಕ್ಕೆ ಕಳಿಸುತ್ತದೆ. ಪಕ್ಕದ ಹೊಸ ಆರ್‌ಸಿಸಿ ಮನೆಯ ಛಾವಣಿ ನಾಲ್ಕೈದು ಇಂಚು. ಏಪ್ರಿಲ್‌ನಲ್ಲಿ ಸಂಜೆ ಏಳಕ್ಕೆ ಆ ಛಾವಣಿಯ ಕೆಳಗೆ ನಿಂತು ನೋಡು, ಆಮೇಲೆ ಮಾಳಿಗೆ ಮನೆಯ ನಡುಮನೆಗೆ ಬಾ. ಎರಡಕ್ಕೂ ಸೆಕ್ಷನ್ ಬರೆದು ಪಕ್ಕಪಕ್ಕ ಇಡು.

ಹಾಗಂತ ಹಳೆಯದೆಲ್ಲ ಚಿನ್ನ ಅಂತಲೂ ತಿಳಿಯಬೇಡ. ಮಾಳಿಗೆ ಮನೆಯ ತೊಲೆಗೆ ಗೆದ್ದಲು ಹಿಡಿಯುತ್ತದೆ, ಜೋರು ಮಳೆ ನಾಲ್ಕು ದಿನ ಹಿಡಿದರೆ ನೆನೆದ ಮಣ್ಣಿನ ಭಾರಕ್ಕೆ ಮಾಳಿಗೆ ಕುಸಿದು ಜನ ಸತ್ತದ್ದಿದೆ. ವರ್ಷವರ್ಷ ಮಣ್ಣು ಹೊರುವ ಆಳೂ ಈಗ ಸಿಗುವುದಿಲ್ಲ. ಜನ ಸಿಮೆಂಟಿಗೆ ಹೋದದ್ದು ಬುದ್ಧಿ ಇಲ್ಲದೆ ಅಲ್ಲ. ತಂಪೂ ಇರಬೇಕು, ಸೋರಲೂಬಾರದು, ದುಡ್ಡೂ ಮುಟ್ಟಬೇಕು: ನಿನ್ನ ಮುಂದಿನ ಮೂವತ್ತು ವರ್ಷದ ಕೆಲಸ ಈ ಮೂರರ ನಡುವೆಯೇ ಇರುತ್ತದೆ.

ನೆಲವನ್ನೂ ಓದಲು ಕಲಿ. ಆದೋನಿ ಸೀಮೆ ಹತ್ತಿಗೆ ಹೆಸರುವಾಸಿ. ಹತ್ತಿಗೆ ಒಗ್ಗುವ ಎರೆಭೂಮಿ ಮನೆಗೆ ಒಗ್ಗದು. ಮಳೆ ಬಂದಾಗ ಎರೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಗೋಡೆ ಪ್ರತಿ ವರ್ಷ ಎದ್ದು ಕೂತು ಮಾಡಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಇದನ್ನು ‘ಮೇಸ್ತ್ರಿ ಕೆಲಸ ಸರಿಯಿಲ್ಲ’ ಅಂತ ಜನ ನಿಮ್ಮ ಅಪ್ಪನಂಥವರ ತಲೆಗೆ ಕಟ್ಟುತ್ತಾರೆ, ತಪ್ಪು ಬಹಳ ಸಲ ಪಾಯದ್ದು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಒಂದು ಉಪಾಯ ಬೆಳೆಸಿತು: ಎರೆಯ ಹಿಗ್ಗು–ಕುಗ್ಗು ತಲುಪದ ಆಳದವರೆಗೆ ಕೊರೆದು, ತಳದಲ್ಲಿ ಗುಂಡಗೆ ಉಬ್ಬುವಂತೆ ಕಾಂಕ್ರೀಟ್ ಕಂಬ ಎರೆಯುವುದು. ಮಸಾರಿ ನೆಲದಲ್ಲಿ ಈ ಗೋಳಿಲ್ಲ. ಮಣ್ಣಿನ ಇಟ್ಟಿಗೆಗೂ ಮಸಾರಿಯೇ ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಹದಕ್ಕೆ ತಂದರು. ಬೆಂಗಳೂರಿನ ಆರ್ಕಿಟೆಕ್ಟ್ ಚಿತ್ರಾ ವಿಶ್ವನಾಥ್ ಮಣ್ಣಿನ ಇಟ್ಟಿಗೆಯಲ್ಲೇ ನೂರಾರು ಮನೆ ಕಟ್ಟಿಸಿದ್ದಾರೆ. ಹೆಣ್ಣುಮಕ್ಕಳಿಗೆ ಯಾಕೆ ಕಟ್ಟಡದ ಕೆಲಸ ಎಂದು ಮನೆಯಲ್ಲಿ ಯಾರಾದರೂ ತೆಗೆದರೆ ಅವರ ಹೆಸರು ಹೇಳು. ಮುಂಬೈಯ ಪೆರಿನ್ ಮಿಸ್ತ್ರಿ 1936ರಷ್ಟು ಹಿಂದೆಯೇ ಜೆ.ಜೆ. ಶಾಲೆಯಿಂದ ಆರ್ಕಿಟೆಕ್ಟ್ ಆಗಿ ಹೊರಬಂದವರು. ಅಷ್ಟಕ್ಕೂ ಸೈಟಿನಲ್ಲಿ ಕಲ್ಲು, ಗಾರೆ, ಇಟ್ಟಿಗೆ ಹೊರುವವರಲ್ಲಿ ಅರ್ಧ ಜನ ಹೆಂಗಸರೇ. ಆಗ ಯಾರೂ ಈ ಪ್ರಶ್ನೆ ಎತ್ತುವುದಿಲ್ಲ.

ಚಿತ್ರದ ಕೈಯನ್ನು ಬಿಡಬೇಡ. ಫೋಟೊ ನೋಡಿ ದೇವರ ಪಟ, ಸಿನಿಮಾ ನಟರ ಮುಖ ಬರೆಯುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು ಕಣ್ಣೆದುರಿನದನ್ನು ಬರೆ. ಆಸ್ಪರಿ ಸ್ಟೇಷನ್ನಿನ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು, ಹಳಿಗಳು ದೂರದಲ್ಲಿ ಕೂಡುವ ಬಿಂದುವನ್ನು ಹಾಳೆಯ ಮೇಲೆ ಗುರುತು ಮಾಡಿ, ಬೆಂಚು, ದೀಪದ ಕಂಬ, ಜನ ಎಲ್ಲವೂ ಆ ಬಿಂದುವಿನ ಕಡೆ ಸಣ್ಣದಾಗುತ್ತ ಹೋಗುವುದನ್ನು ಬರೆ. ಪರ್ಸ್ಪೆಕ್ಟಿವ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಅದೇ ಹಳಿಯ ಮೇಲೆ ಆದೋನಿಗೆ ಹೋಗು. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಶಾಹಿ ಜಾಮಿಯಾ ಮಸೀದಿಯ ಕಮಾನುಗಳನ್ನು ಅಲ್ಲಿ ಅನುಮತಿ ಕೇಳಿ ಕೂತು ಬರೆ. ಗುಂತಕಲ್ಲಿನಿಂದ ಬಳ್ಳಾರಿ ಮೇಲೆ ಹೊಸಪೇಟೆಗೆ ರೈಲಿದೆ, ಹಂಪಿಗೆ ಶಾಲೆಯ ಪ್ರವಾಸ ಹೋದರೆ ಫೋಟೊ ತೆಗೆಯುವವರ ಹಿಂದೆ ಓಡಬೇಡ, ಕಮಲ ಮಹಲಿನ ಒಂದು ಮೂಲೆ ಹಿಡಿದು ಕೂತುಬಿಡು.

ಪರೀಕ್ಷೆಗಳು ಎರಡು. ಒಂದು ನಾಟಾ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವಂಥದ್ದು. ಈಗಿನ ಮಾದರಿಯಲ್ಲಿ 200 ಅಂಕ. ಅದರಲ್ಲಿ 80 ಅಂಕ ಕೈಯಲ್ಲಿ ಬರೆಯುವ ಚಿತ್ರಕ್ಕೆ, ಬಣ್ಣದ ಸಂಯೋಜನೆಗೆ, ಕೊಟ್ಟ ಸಾಮಾನಿನಿಂದ ಅಲ್ಲೇ ಒಂದು ಸಣ್ಣ ಮಾದರಿ ಕಟ್ಟುವುದಕ್ಕೆ. ಉಳಿದ 120 ಕಂಪ್ಯೂಟರಿನಲ್ಲಿ. ಇನ್ನೊಂದು ಜೆಇಇ ಮೇನ್‌ನ ಪೇಪರ್ 2ಎ: ಗಣಿತ 100, ಆ್ಯಪ್ಟಿಟ್ಯೂಡ್ 200, ಡ್ರಾಯಿಂಗ್ 100, ಒಟ್ಟು 400. ವಿಜಯವಾಡ, ದೆಹಲಿ, ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ಗಳಿಗೆ, ಬಿ.ಆರ್ಕ್ ಇರುವ ಎನ್‌ಐಟಿಗಳಿಗೆ ಇದರ ರ‍್ಯಾಂಕೇ ಬೇಕು. ಐಐಟಿಗೆ ಜೆಇಇ ಅಡ್ವಾನ್ಸ್‌ಡ್ ದಾಟಿ ಮತ್ತೊಂದು ಪರೀಕ್ಷೆ. ಅಂಕದ ಲೆಕ್ಕ ಆಗಾಗ ಬದಲಾಗುತ್ತದೆ, ನೀನು ಬರೆಯುವ ವರ್ಷದ ಮಾಹಿತಿ ಪುಸ್ತಕ ನೋಡಿಕೋ.

ಗಡಿಯಲ್ಲಿ ಇರುವವರಿಗೆ ಮಾತ್ರ ತಗಲುವ ತೊಡಕು ಒಂದಿದೆ. ಜೆಇಇ ಮೇನ್ ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಬರುತ್ತದೆ, ಕನ್ನಡವೂ ಇದೆ. ಆದರೆ ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ; ಆಂಧ್ರದ ಕೇಂದ್ರದಲ್ಲಿ ತೆಲುಗು, ಇಂಗ್ಲಿಷ್, ಹಿಂದಿ, ಉರ್ದು ಸಿಗುತ್ತವೆ. ಆಂಧ್ರದ ವಿಳಾಸ ಹಾಕಿ ಕನ್ನಡದ ಆಸೆ ಇಟ್ಟುಕೊಳ್ಳುವ ಮೊದಲು ಭಾಷೆಯ ಕಾಲಮ್ಮನ್ನೂ ಕೇಂದ್ರದ ಕಾಲಮ್ಮನ್ನೂ ಕೂಡಿಸಿ ನೋಡಬೇಕು. ನನ್ನನ್ನು ಕೇಳಿದರೆ, ಇಂಟರ್ ಎರಡು ವರ್ಷದಲ್ಲಿ ಗಣಿತದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿ ಗಟ್ಟಿ ಮಾಡಿಕೊಂಡು ಇಂಗ್ಲಿಷಿನಲ್ಲೇ ಬರೆಯುವುದು ವಾಸಿ. ಬಿ.ಆರ್ಕ್ ಪಾಠ ಎಲ್ಲಿ ಹೋದರೂ ಇಂಗ್ಲಿಷಿನಲ್ಲೇ. ಕನ್ನಡ ನಿನಗೆ ಆಮೇಲೆ ಬೇಕಾಗುತ್ತದೆ, ಸೈಟಿನಲ್ಲಿ, ಮನೆ ಕಟ್ಟಿಸುವವರ ಎದುರು. ತೆಲುಗೂ ಕನ್ನಡವೂ ಎರಡೂ ಸರಾಗವಾಗಿ ಬರುವವರಿಗೆ ಬಳ್ಳಾರಿ–ಕರ್ನೂಲು ಪಟ್ಟಿಯಲ್ಲಿ ಇರುವ ಅನುಕೂಲ ಬೆಂಗಳೂರಿನ ಯಾವ ಆರ್ಕಿಟೆಕ್ಟ್‌ಗೂ ಇಲ್ಲ.

ಕಾಲೇಜು ಆರಿಸುವಾಗ ನೋಡಬೇಕಾದ್ದು ಕಟ್ಟಡದ ಚಂದವನ್ನಲ್ಲ. ಆ ಕಾಲೇಜಿಗೆ ನೀನು ಸೇರುವ ವರ್ಷಕ್ಕೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾನ್ಯತೆ ಇದೆಯೇ ಅಂತ ಅವರ ಪಟ್ಟಿಯಲ್ಲೇ ನೋಡು. ಮಾನ್ಯತೆ ಇಲ್ಲದ ಪದವಿ ಕೈಗೆ ಬಂದರೆ ನೋಂದಣಿ ಆಗದು, ಐದು ವರ್ಷ ಓದಿಯೂ ಆರ್ಕಿಟೆಕ್ಟ್ ಅನ್ನಿಸಿಕೊಳ್ಳುವ ಹಾಗಿಲ್ಲ. ಸರ್ಕಾರಿ ಕಾಲೇಜಾದರೂ ಸರಿ, ಖಾಸಗಿಯಾದರೂ ಸರಿ, ಈ ಪಟ್ಟಿ ನೋಡದೆ ಒಂದು ರೂಪಾಯಿ ಕಟ್ಟಬೇಡಿ. ಆಂಧ್ರದಲ್ಲಿ ವಿಜಯವಾಡ ಅಲ್ಲದೆ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ ಇದೆ. ಕರ್ನಾಟಕದ ಕಡೆ ಬೆಂಗಳೂರಿನವನ್ನು ಬಿಟ್ಟರೆ ನಿಮಗೆ ಹತ್ತಿರದ ಸೀಮೆಯಲ್ಲಿ ಕಲಬುರಗಿಯ ಪಿಡಿಎ ಕಾಲೇಜು, ಹುಬ್ಬಳ್ಳಿಯ ಕೆಎಲ್‌ಇ, ವಿಜಯಪುರದ ಮಲಿಕ್ ಸಂದಲ್ ಸಂಸ್ಥೆ. ಇಬ್ರಾಹಿಂ ರೋಜಾ ಕಟ್ಟಿದ ಮಲಿಕ್ ಸಂದಲ್‌ನ ಹೆಸರನ್ನೇ ಆ ಸಂಸ್ಥೆಗೆ ಇಟ್ಟಿದ್ದಾರೆ. ಕರ್ನಾಟಕದ ಸರ್ಕಾರಿ ಕೋಟಾದಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಮು ಉಂಟು. ಅದರಲ್ಲಿ ತಾಲ್ಲೂಕುಗಳ ಹೆಸರನ್ನೇ ಬರೆದಿರುತ್ತಾರೆ, ಎಷ್ಟು ವರ್ಷ ಎಲ್ಲಿ ಓದಿರಬೇಕು ಎಂಬುದೂ ಇರುತ್ತದೆ. ‘ನಾವು ಕನ್ನಡದವರು, ಕೊಟ್ಟೇ ಕೊಡ್ತಾರೆ’ ಅಂತ ನಂಬಿ ಹೋಗದೆ ಆ ಸಾಲುಗಳನ್ನು ಬೆರಳಿಟ್ಟು ಓದಿ. ಒಂದನೇ ತರಗತಿಯಿಂದ ಈವರೆಗಿನ ಸ್ಟಡಿ ಸರ್ಟಿಫಿಕೇಟುಗಳನ್ನು, ಕನ್ನಡ ಮಾಧ್ಯಮ ಎಂದು ನಮೂದಿಸಿದ್ದನ್ನು, ಹೆಡ್‌ಮಾಸ್ಟರ ಸಹಿ ಹಾಕಿಸಿ ಈಗಲೇ ತೆಗೆದಿಟ್ಟುಕೋ. ಆಂಧ್ರದ ಫೀ ರಿಯಂಬರ್ಸ್‌ಮೆಂಟ್ ಕರ್ನಾಟಕದ ಸೀಟಿಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ.

ದುಡ್ಡಿನ ವಿಷಯ ಅಪ್ಪನಿಗೆ ಬಿಡಿಸಿ ಹೇಳಬೇಕು. ಫೀ ಒಂದೇ ಅಲ್ಲ. ಶೀಟು, ಮಾದರಿ ಮಾಡುವ ಬೋರ್ಡು, ಗೋಂದು, ಪ್ರಿಂಟು, ಸ್ಥಳ ನೋಡಲು ಓಡಾಟ ಅಂತ ಪ್ರತಿ ಸೆಮಿಸ್ಟರೂ ಕೈ ಕಚ್ಚುತ್ತದೆ. ಓದಿನ ಕೊನೆಯ ಭಾಗದಲ್ಲಿ ಒಬ್ಬ ಆರ್ಕಿಟೆಕ್ಟ್ ಕಚೇರಿಯಲ್ಲಿ ತರಬೇತಿಗೆ ಕೂರಬೇಕು. ಕೆಲವರು ಸ್ಟೈಪೆಂಡ್ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಮೊದಲ ಎರಡು ಮೂರು ವರ್ಷದ ಸಂಬಳ ಸಾಫ್ಟ್‌ವೇರಿಗೆ ಹೋದ ಗೆಳತಿಯದರ ಮುಂದೆ ಸಣ್ಣದೇ. ಕೆಲಸ ಕಲಿತು, ಹೆಸರು ಬಂದ ಮೇಲೆ ಬೇರೆ ಮಾತು. ಇದನ್ನು ಈಗಲೇ ಹೇಳುವುದು ನಿನ್ನನ್ನು ಹೆದರಿಸಲಿಕ್ಕಲ್ಲ. ಮೂರನೇ ವರ್ಷದಲ್ಲಿ ಇದು ಗೊತ್ತಾಗಿ ಕಾಲೇಜು ಬಿಟ್ಟವರಿದ್ದಾರೆ.

ಕೋಚಿಂಗ್ ವಿಷಯ: ಗಣಿತ, ಭೌತಶಾಸ್ತ್ರಕ್ಕೆ ಇಂಟರ್ ಕಾಲೇಜಿನ ಪಾಠವನ್ನೇ ಶ್ರದ್ಧೆಯಿಂದ ಮಾಡಿದರೆ ಬಹುಪಾಲು ಸಾಕು. ಡ್ರಾಯಿಂಗಿಗೆ ಹಳೆಯ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡು. ಪರೀಕ್ಷೆಯಲ್ಲಿ ಕೈಕೊಡುವುದು ಹೆಚ್ಚಾಗಿ ವೇಳೆ. ಕೊನೆಯ ಎರಡು ತಿಂಗಳು ಯಾರಾದರೂ ತಿಳಿದವರು ನಿನ್ನ ಹಾಳೆಗಳನ್ನು ನೋಡಿ ತಿದ್ದಿದರೆ ಒಳ್ಳೆಯದು.

ಕಂಪ್ಯೂಟರ್ ಈಗ ಕೊಳ್ಳಲೇಬೇಡ. ಆಟೊಕ್ಯಾಡ್, ಸ್ಕೆಚಪ್, ರೆವಿಟ್ ಎಲ್ಲ ಕಾಲೇಜಿಗೆ ಸೇರಿದ ಮೇಲೆ ಕಲಿಯುವಂಥವು, ವಿದ್ಯಾರ್ಥಿಗಳಿಗೆ ಆಟೊಕ್ಯಾಡ್, ರೆವಿಟ್ ಪುಕ್ಕಟೆ ಸಿಗುತ್ತವೆ. ಮೊದಲ ವರ್ಷ ಬಹುತೇಕ ಕೈಯಲ್ಲೇ ಬರೆಸುತ್ತಾರೆ. ಎರಡನೇ ವರ್ಷಕ್ಕೆ ಲ್ಯಾಪ್‌ಟಾಪ್ ಬೇಕಾಗುತ್ತದೆ, ಆಗಲೂ ಸೀನಿಯರುಗಳು ಮಾರುವ ಹಳೆಯದನ್ನು ಕೇಳು; ಗ್ರಾಫಿಕ್ಸ್ ಕಾರ್ಡ್ ಇದ್ದದ್ದು, 16 ಜಿಬಿ ರ‍್ಯಾಮ್ ಇದ್ದದ್ದು ಆದರೆ ಐದನೇ ವರ್ಷದವರೆಗೂ ಬರುತ್ತದೆ.